ಉಮ್ಮ್ ಕಾಮಿಲ್ ಕೇಳಿದ ಹಾಡು

ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಹೆಣ ತೊಳೆಯುವವರನ್ನು ಕರೆಯುತ್ತಿದ್ದರು, ಆಮೇಲೆ ನನ್ನ ಗಂಡನನ್ನು. ಡಾಕ್ಟರ್ ಹಿಕ್ಮತ್ ಅಂದರೆ ನಮ್ಮ ಕಾಜಿಮಿಯಾ ಬಡಾವಣೆಯಲ್ಲಿ ಗೊತ್ತಿಲ್ಲದವರಿಲ್ಲ. ವಿಶ್ವವಿದ್ಯಾಲಯದಲ್ಲಿ ಹಳೆಯ ಕಾವ್ಯದ ಪ್ರೊಫೆಸರು, ಅಚ್ಚಾದ ಕವನ ಸಂಕಲನಗಳು, ರೇಡಿಯೋದಲ್ಲಿ ಆಗಾಗ ಮಾತು. ಆದರೆ ಓಣಿಯ ಜನಕ್ಕೆ ಅವರು ಬೇಕಾಗಿದ್ದದ್ದು ಚರಮಗೀತೆಗೆ. ಬಟ್ಟೆ ಅಂಗಡಿಯವನ ಅಪ್ಪ ಸತ್ತಾಗ ಬರೆದರು. ಡೀನ್ ಸಾಹೇಬರ ಅತ್ತೆ ಸತ್ತಾಗಲೂ ಬರೆದರು. ಆ ಹೆಂಗಸನ್ನು ಇವರು ಒಮ್ಮೆಯೂ ಕಂಡವರಲ್ಲ, ಆದರೂ ಅವಳ ಗುಣಗಳನ್ನು ಕೇಳಿ ಅವಳ ಸೊಸೆಯಂದಿರೇ ಬೆರಗಾದರು.

ಅಂಥವರು ಕಾಮಿಲನಿಗೆ ಬರೆಯಲಿಲ್ಲ.

ಕಾಮಿಲ್ ನಮ್ಮ ಗೋಡೆಯಾಚೆಯ ಮನೆಯವನು, ಶಾಲೆಯಲ್ಲಿ ಚರಿತ್ರೆ ಹೇಳುತ್ತಿದ್ದ. ಅವನೂ ನನ್ನ ಗಂಡನೂ ಚಡ್ಡಿ ಹಾಕುವುದಕ್ಕೆ ಮೊದಲಿನಿಂದ ಸ್ನೇಹಿತರು, ಟೈಗ್ರಿಸ್ ಹೊಳೆಯಲ್ಲಿ ಒಟ್ಟಿಗೆ ಈಜು ಕಲಿತವರು. ಗಡಿಯಲ್ಲಿ ಯುದ್ಧ ಶುರುವಾದ ಮರುವರ್ಷ, ಖರ್ಜೂರದ ಕೊಯ್ಲು ಮುಗಿಯುವ ಹೊತ್ತಿಗೆ ಅವನನ್ನು ಸರ್ಕಾರದ ಗುಪ್ತದಳದವರು ಕರೆದುಕೊಂಡು ಹೋದರು. ಪಾಠ ಹೇಳುವಾಗ ಏನೋ ಅಂದನಂತೆ. ಏನಂದ ಎಂದು ಯಾರೂ ಕೇಳಲಿಲ್ಲ; ಕೇಳಿದವನೂ ಅಂದ ಹಾಗೆಯೇ ಲೆಕ್ಕ. ಚಳಿಗಾಲದಲ್ಲಿ ಹೆಣ ತಂದುಕೊಟ್ಟರು. ತಂದವರು ಅವನ ತಾಯಿಗೆ ಹೇಳಿ ಹೋದದ್ದು ಇಷ್ಟು: ಬಾಗಿಲಲ್ಲಿ ಸಾವಿನ ಚಪ್ಪರ ಹಾಕುವ ಹಾಗಿಲ್ಲ, ಕುರಾನ್ ಓದಿಸುವ ಹಾಗಿಲ್ಲ, ಬೀದಿಗೆ ಕೇಳುವಂತೆ ಅಳುವ ಹಾಗಿಲ್ಲ.

ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ, ನೆರೆಯವರೇ ಊಟ ಕೊಡಬೇಕು. ಆ ದಿನ ಓಣಿಯ ಯಾವ ಮನೆಯಿಂದಲೂ ಒಂದು ತಟ್ಟೆ ಹೊರಡಲಿಲ್ಲ. ನಾನು ಕುರಿಮಾಂಸದ ಸಾರು ಕುದಿಸಿ, ರೊಟ್ಟಿ ಮುರಿದು ಹಾಕಿ, ಪಾತ್ರೆ ಮುಚ್ಚಿ ಎತ್ತಿಕೊಂಡೆ. ಇವರು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು.

"ಎಲ್ಲಿಗೆ?"

"ಎಲ್ಲಿಗೆ ಅಂತ ನಿಮಗೆ ಗೊತ್ತಿಲ್ವಾ?"

"ನಜೀಹಾ, ಓಣಿ ತುದೀಲಿ ಹೆಣ ತಂದೋರ ಬಿಳೀ ಕಾರು ಇನ್ನೂ ನಿಂತಿದೆ."

"ಕಾರಿಗೆ ಹಸಿವಾಗಿದ್ರೆ ಅದಕ್ಕೂ ಒಂದು ತಟ್ಟೆ ಹಾಕ್ತೀನಿ."

"ತಮಾಷೆ ಬೇಡ. ಮನೇಲಿ ಬೆಳೆದ ಮಗಳಿದಾಳೆ."

ನಾನು ಪಾತ್ರೆ ಕೆಳಗಿಟ್ಟೆ. ನಮಗಿರುವುದು ಬುಶ್ರಾ ಒಬ್ಬಳೇ, ಆಗಷ್ಟೇ ವೈದ್ಯಕೀಯ ಕಾಲೇಜು ಸೇರಿದ್ದಳು. ಅವರ ಅನುಮಾನಕ್ಕೆ ಸಿಕ್ಕ ಮನೆಗಳ ಹೆಣ್ಣುಮಕ್ಕಳನ್ನು ಏನು ಮಾಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ನನ್ನ ಅತ್ತೆ ಮೂಲೆಯಲ್ಲಿ ಕುಳಿತು ಈರುಳ್ಳಿ ಸುಲಿಯುತ್ತಿದ್ದರು. "ಬೀದೀಲಿ ಕಾರಿದ್ರೆ ಮಾಳಿಗೆ ಮೇಲೇನೂ ಇಲ್ವಲ್ಲ," ಅಂದರು ತಲೆ ಎತ್ತದೆ.

ನಮ್ಮ ಮಾಳಿಗೆಗೂ ಕಾಮಿಲನ ಮಾಳಿಗೆಗೂ ನಡುವೆ ಇರುವುದು ಸೊಂಟದೆತ್ತರದ ಗೋಡೆ. ಪಾತ್ರೆ ಆ ಕಡೆಯಿಂದ ದಾಟಿತು. ಉಮ್ಮ್ ಕಾಮಿಲ್ ಪಾತ್ರೆ ತೆಗೆದುಕೊಂಡು ನನ್ನ ಕೈ ಬಿಡಲೇ ಇಲ್ಲ. ನಮ್ಮಲ್ಲಿ ತಾಯಿಯನ್ನು ಮಗನ ಹೆಸರಿನಿಂದಲೇ, ಉಮ್ಮ್ ಅಂದರೆ ಇಂಥವನ ಅಮ್ಮ ಎಂದೇ, ಕರೆಯುವುದು. ಮಗ ಹೋದರೂ ಆ ಹೆಸರು ಹೋಗುವುದಿಲ್ಲ.

ಆ ವಾರವೇ ಆಕೆ ಮಾಳಿಗೆ ದಾಟಿ ನಮ್ಮ ಅಡುಗೆಮನೆಗೆ ಬಂದರು. ಇವರು ಚಹಾ ಕುಡಿಯುತ್ತಿದ್ದರು. ಆಕೆ ಕುಳಿತುಕೊಳ್ಳಲಿಲ್ಲ.

"ಹಿಕ್ಮತ್, ನಿನಗೂ ನಾನೇ ಉಣ್ಣಿಸಿದೀನಿ, ಅವನಿಗೂ ಉಣ್ಣಿಸಿದೀನಿ. ಚಪ್ಪರ ಬೇಡ, ಓದೋರು ಬೇಡ. ಎರಡು ಸಾಲು ಕಟ್ಟಿಕೊಡು. ಕಿವೀಲಿ ಹೇಳು ಸಾಕು, ನಾನು ಮನಸಲ್ಲಿ ಇಟ್ಕೋತೀನಿ."

ಇವರು ಲೋಟದೊಳಗೇ ನೋಡುತ್ತಿದ್ದರು. "ನನ್ನಿಂದ ಆಗ್ತಿಲ್ಲಮ್ಮ."

"ಆ ಡೀನನ ಅತ್ತೆಗೆ ಆಯ್ತಲ್ಲ."

"ಅಮ್ಮ, ನನಗೂ ಮನೆಮಠ ಇದೆ."

"ನನಗೂ ಇತ್ತು," ಅಂದರು ಆಕೆ, ಬಂದ ದಾರಿಯಲ್ಲೇ ಹೋದರು.

ಬಾಗಿಲ ಹಿಂದೆ ನಿಂತಿದ್ದ ಬುಶ್ರಾ ಒಳಗೆ ಬಂದಳು. ಅವಳಿಗೆ ನನ್ನ ನಾಲಗೆ, ಅವಳ ಅಜ್ಜಿಯ ಹಠ.

"ಬಾಬಾ, ನೀವು ಅವರಪ್ಪನ್ನ ಇವರಪ್ಪನ್ನ ಸ್ವರ್ಗಕ್ಕೆ ಕಳಿಸಿದ್ದೇ ಕಳಿಸಿದ್ದು. ಕಾಮಿಲ್ ಮಾಮಂಗೆ ಮಾತ್ರ ದಾರಿ ಗೊತ್ತಾಗಲಿಲ್ವಾ?"

"ಓದೋಕೆ ಹೋಗು."

"ಹೋಗ್ತೀನಿ. ಹೆದರಿಕೆಗೆ ಯಾವ ಔಷಧ ಅಂತ ನೋಡ್ತೀನಿ."

ಅವಳಿಗೆ ಹೊಡೆಯಲು ನಾನು ಎತ್ತಿದ ಕೈಯನ್ನು ಕೆಳಗಿಳಿಸಿದೆ, ಯಾಕೆಂದರೆ ಇವರು ಅಷ್ಟು ಹೊತ್ತಿಗೆ ಎದ್ದು ಮಾಳಿಗೆಗೆ ಹೋಗಿಬಿಟ್ಟಿದ್ದರು.

ಮಾಳಿಗೆಯಲ್ಲಿ ಇವರು ಅತ್ತಿಂದಿತ್ತ ನಡೆಯುತ್ತಿದ್ದದ್ದು ಕೆಳಗೆ ಕೇಳಿಸುತ್ತಿತ್ತು. ಹಾಡು ಕಟ್ಟುವುದೇ ಹಾಗೆ ಇವರು; ಕಾಗದ ಮುಟ್ಟುವುದು ಎಲ್ಲ ಮುಗಿದ ಮೇಲೆ. ಅದುವರೆಗೆ ನಡೆಯುವುದು, ಗೊಣಗುವುದು, ಬೆರಳಲ್ಲಿ ಗೋಡೆ ತಟ್ಟುವುದು. ನಾನು ಏನೋ ಪಾಠ ತಯಾರಿ ಅಂದುಕೊಂಡೆ. ಅತ್ತೆ ಮಾತ್ರ ಮೊಣಕಾಲು ನೋವಿದ್ದರೂ ಬಟ್ಟೆ ಒಣಗಿಸುವ ನೆಪದಲ್ಲಿ ಮೇಲೆ ಹೋಗಿ ಬರುತ್ತಿದ್ದರು.

ಅತ್ತೆ ಎಂದರೆ ಫಖ್ರಿಯಾ, ಒಂದು ಕಾಲದ ಹೆಸರಾದ ಮುಲ್ಲಾಯಾ. ಸಾವಿನ ಮನೆಯಲ್ಲಿ ಹೆಂಗಸರ ನಡುವೆ ಕುಳಿತು ಹಾಡಿ ಅಳಿಸುವವಳೇ ಮುಲ್ಲಾಯಾ. ಅಳು ಬಾರದವಳಿಗೂ ಅಳು ಬರಿಸಬೇಕು, ಅದೇ ಕಸುಬು. ಅಕ್ಷರ ಬಾರದಿದ್ದರೂ ಎರಡು ಸಲ ಕೇಳಿದ ಹಾಡು ಅತ್ತೆಗೆ ಮರೆಯುತ್ತಿರಲಿಲ್ಲ. ಮಗ ಪ್ರೊಫೆಸರಾದ ಮೇಲೆ ಆ ಕೆಲಸ ಬಿಡಿಸಿದ್ದರು. "ಆಡುಮಾತಿನಲ್ಲಿ ಅಳು ಇದೆ, ಕಾವ್ಯ ಇಲ್ಲ" ಎಂದು ಇವರು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಮಾತು ಅತ್ತೆಯ ಕಿವಿಗೂ ಬಿದ್ದಿತ್ತು. ಅತ್ತೆ ಅದನ್ನು ಮರೆತಿರಲಿಲ್ಲ, ಕ್ಷಮಿಸಿಯೂ ಇರಲಿಲ್ಲ.

ಸ್ವಲ್ಪ ದಿನಕ್ಕೆ ರೊಟ್ಟಿ ಸುಡುವ ಹಸೀಬಾಳ ಮಗ ಗಡಿಯಲ್ಲಿ ಸತ್ತ. ಅದು ಅಪ್ಪಣೆ ಇದ್ದ ಸಾವು; ಚಪ್ಪರ ಹಾಕಿದರು, ಬಾವುಟವೂ ಬಂತು. ಮುಲ್ಲಾಯಾ ಸಿಗಲಿಲ್ಲವೆಂದು ಹಸೀಬಾಳ ತಂಗಿ ಬಂದು ಅತ್ತೆಯ ಕಾಲು ಹಿಡಿದಳು. ಅತ್ತೆ ಹೋದರು. ನಾನು ಜ್ವರದಿಂದ ಮಲಗಿದ್ದೆ. ತಿರುಗಿ ಬಂದಾಗ ಅತ್ತೆಯ ಧ್ವನಿ ಒಡೆದಿತ್ತು, ಮುಖ ಮಾತ್ರ ಕಳೆಕಳೆಯಾಗಿತ್ತು.

"ಹೇಗಾಯ್ತು?" ಅಂದೆ.

"ಇಷ್ಟು ವರ್ಷದಲ್ಲಿ ಇಷ್ಟು ಅಳು ನಾನು ಕಂಡಿಲ್ಲ," ಅಂದರು, ಬಿಸಿನೀರು ಕೇಳಿದರು.

ಇನ್ನೊಂದು ಶುಕ್ರವಾರ ನಾವೆಲ್ಲ ಊಟಕ್ಕೆ ಕುಳಿತಿದ್ದೆವು. ಅನ್ನ, ಬೆಂಡೆಕಾಯಿ ಸಾರು. ಬುಶ್ರಾ ತುತ್ತು ಕಲಸುತ್ತಾ ಹೇಳಿದಳು:

"ಕಾಮಿಲ್ ಮಾಮಂಗೆ ಯಾರೋ ಹಾಡು ಕಟ್ಟಿದಾರೆ. ಕಾಲೇಜಲ್ಲಿ ಹುಡುಗೀರೆಲ್ಲಾ ಗುನುಗ್ತಿದಾರೆ. ಹೆಸರು ಹಾಕಿಲ್ಲ, ಆದ್ರೂ ಯಾರಿಗೆ ಅಂತ ಎಲ್ಲರಿಗೂ ಗೊತ್ತು."

"ಏನು ಹಾಡು?" ಅಂದೆ.

ಅವಳು ಮೆಲ್ಲಗೆ ಹೇಳಿದಳು:

"ಮೆಲ್ಲಗೆ ಎರೀರಮ್ಮ ನೀರ, ನನ್ನ ಕೂಸು ಚಳಿ ತಾಳೋದಿಲ್ಲ,
ಕದ ತಟ್ಟದೆ ಒಯ್ದರು, ಕದ ತಟ್ಟದೆ ತಂದರು,
ಅಳಬೇಡ ಅಂದರು, ಎದೆಹಾಲು ಯಾರ ಅಪ್ಪಣೆ ಕೇಳಿ ಬಂತು?"

ಇವರನ್ನು ನೋಡಿದರೆ ಮುಖದಲ್ಲಿ ರಕ್ತವಿರಲಿಲ್ಲ. ಕೈಯ ತುತ್ತು ತಟ್ಟೆಗೆ ಬಿತ್ತು. ನೋಡುತ್ತಿದ್ದದ್ದು ತಮ್ಮ ತಾಯಿಯನ್ನು.

"ಯಾರೋ ಓದು ಬರದ ಹೆಂಗಸು ಕಟ್ಟಿರಬೇಕು," ಅಂದಳು ಬುಶ್ರಾ. "ಡಾಕ್ಟರೇಟು ಬೇಕಾಗಲಿಲ್ಲ, ನೋಡಿ ಬಾಬಾ."

ಅವಳನ್ನು ಸಕ್ಕರೆ ತರಲು ಅಂಗಡಿಗೆ ಕಳಿಸಿದೆ. ಡಬ್ಬಿ ತುಂಬ ಸಕ್ಕರೆ ಇತ್ತು.

"ಅಮ್ಮ, ಇದೇನು ಮಾಡಿದೆ?" ಅಂದರು ಇವರು. "ಅದು ನನ್ನ ಎದೆಯೊಳಗೆ ಇದ್ದದ್ದು. ಕಾಗದಕ್ಕೂ ಹೇಳಿರಲಿಲ್ಲ ನಾನು."

"ಮಾಳಿಗೆ ಮೇಲೆ ಹೇಳ್ತಿದ್ದೆಯಲ್ಲಪ್ಪ. ನನಗೇನು ಕಿವಿ ಇಲ್ವಾ?"

"ಕೇಳಿದ್ದನ್ನೆಲ್ಲಾ ಹಸೀಬಾ ಮನೇಲಿ ಹೋಗಿ ಹಾಡೋದಾ?"

"ಮುಲ್ಲಾಯಾ ಮತ್ತೇನು ಮಾಡ್ತಾಳೆ? ಸತ್ತವರ ಹಾಡಿಗೆ ಒಡೆಯ ಇರಲ್ಲ, ಹಿಕ್ಮತ್. ನನ್ನ ಗುರು ಕೇಳಿದ್ದು ನಾನು ಹಾಡಿದೆ, ನಾನು ಹಾಡಿದ್ದು ಇನ್ನೊಬ್ಬಳು ಹಾಡ್ತಾಳೆ. ಯಾವ ಮನೇಲೂ ಯಾರೂ 'ಇದು ಯಾರದು' ಅಂತ ಕೇಳಿದ್ದೇ ಇಲ್ಲ."

"ಈಗ ಕೇಳ್ತಾರೆ," ಅಂದರು ಇವರು.

ಆಗಲೇ ನನಗೆ ತಿಳಿದದ್ದು. ಇಪ್ಪತ್ತು ವರ್ಷ ನಾನು ಇವರ ಹಾಡುಗಳಿಗೆ ಭೇಷ್ ಅಂದಿದ್ದೇನೆ, ಅರ್ಧ ಅರ್ಥವಾಗದೆ. ನಾವು ಒಲೆಯ ಮುಂದೆ ಆಡುವ ಮಾತಿನಲ್ಲಿ ಇವರು ಕಟ್ಟಿದ್ದು ಇದೊಂದೇ, ಅದೂ ತಾವು ಯಾವ ಮಾತಲ್ಲಿ ಅಳುತ್ತಿದ್ದೇವೆಂದು ಗೊತ್ತಿಲ್ಲದೆ. ಸಂತೋಷಪಡಬೇಕಾದ ಹೆಂಡತಿ ಹೆದರಿ ಸತ್ತೆ.

"ಬುಶ್ರಾಗೆ ಗೊತ್ತಾಗಬಾರದು," ಅಂದೆ. "ಅವಳಿಗೆ ಗೊತ್ತಾದ್ರೆ ಹೆಮ್ಮೆಗೆ ಹೇಳಿಬಿಡ್ತಾಳೆ."

ಅದಾದ ಮೇಲೆ ಹಾಡು ನಿಲ್ಲಲಿಲ್ಲ. ರೊಟ್ಟಿ ಒಲೆಯ ಮುಂದೆ ಕೇಳಿದೆ, ಹೊಳೆ ದಾಟುವ ಬಸ್ಸಿನಲ್ಲಿ ಕೇಳಿದೆ. ಒಂದು ಬೆಳಗ್ಗೆ ಬುಶ್ರಾ ಪಾತ್ರೆ ತೊಳೆಯುತ್ತಾ ಗುನುಗಿದಳು. ನಾನು ಸೌಟು ಎತ್ತಿದೆ.

"ಈ ಮನೇಲಿ ಆ ಹಾಡು ಬೇಡ."

"ಯಾಕೆ? ಬಾಬಾಗೆ ಹೊಟ್ಟೆ ಉರಿಯುತ್ತಾ?"

"ಹೌದು, ಉರಿಯುತ್ತೆ. ಮುಚ್ಚು ಬಾಯಿ."

ಅವಳು ಅದನ್ನು ನಂಬಿದಳು. ಅಪ್ಪನ ಕಡೆ ನೋಡುವುದನ್ನೇ ಬಿಟ್ಟಳು. ಅವರಿಗೆ ಬಡಿಸಬೇಕಾದರೆ ತಟ್ಟೆಯನ್ನು ನನ್ನ ಮುಂದೆ ತಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಇವರು ಪಾಠ ಮುಗಿಯುವ ಮೊದಲೇ ಮನೆಗೆ ಬಂದರು. ನಾನು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ರೇಡಿಯೋ ಜೋರು ಮಾಡಿ ನನ್ನ ಪಕ್ಕ ನೆಲದ ಮೇಲೆ ಕುಳಿತರು, ಕೋಟು ಬಿಚ್ಚಲಿಲ್ಲ.

"ಡೀನ್ ಕೋಣೇಲಿ ಒಬ್ಬ ಕೂತಿದ್ದ. ಹೆಸರು ಹೇಳಲಿಲ್ಲ. ಚಹಾ ತರಿಸಿದ, ಸಕ್ಕರೆ ಅವನೇ ಕಲಕಿ ಕೊಟ್ಟ."

"ಆಮೇಲೆ?"

"ಹಾಡು ಹೇಳಿದ, ತಪ್ಪು ತಪ್ಪಾಗಿ. 'ಡಾಕ್ಟರೇ, ಒಂದು ಸಾಲು ಕೇಳಿದ್ರೆ ಇದು ಯಾರದು ಅಂತ ಹೇಳಬಲ್ಲೋರು ನೀವಂತೆ. ಇದು ಯಾರದು ಹೇಳಿ' ಅಂದ."

ನಾನು ಅಕ್ಕಿಯ ತಟ್ಟೆ ಕೆಳಗಿಟ್ಟೆ. "ನಿಮ್ಮ ಮೇಲೇ ಅನುಮಾನನಾ?"

"ಗೊತ್ತಿಲ್ಲ. ಇದ್ದೂ ಕೇಳಿರಬಹುದು, ಇಲ್ಲದೇನೂ ಕೇಳಿರಬಹುದು. ಮುಂದಿನ ವಾರ ಸಭೆ ಇದೆಯಂತೆ, ನಾನು ಎಲ್ಲರೆದುರು ಹೇಳಬೇಕಂತೆ. ಹೊರಗೆ ಬಂದ ಮೇಲೆ ಡೀನ್ ನನ್ನ ಹೆಗಲ ಮೇಲೆ ಕೈ ಹಾಕಿ, 'ಆ ಸಿನಾನನ ಕೈವಾಡ ಇದ್ದ ಹಾಗಿಲ್ವಾ? ನೀವು ಹೂಂ ಅಂದ್ರೆ ಸಾಕು' ಅಂದ್ರು."

ಸಿನಾನ್ ಇವರ ವಿದ್ಯಾರ್ಥಿ, ಆಡುಮಾತಿನಲ್ಲಿ ಬರೆಯುವ ಹುಡುಗ. ಅದಕ್ಕೇ ಇವರಿಬ್ಬರಿಗೂ ತರಗತಿಯಲ್ಲಿ ಜಗಳ. ನಮ್ಮ ಮನೆಯಲ್ಲಿ ಉಂಡು ಹೋದವನು. ಬೆಂಡೆಕಾಯಿ ಅಂದರೆ ಅವನಿಗೆ ಪ್ರಾಣ.

"ಹೂಂ ಅಂದ್ಬಿಡಿ," ಅಂದೆ ನಾನು.

ಇವರು ನನ್ನನ್ನು ನೋಡಿದರು.

"ಏನು ಹಾಗೆ ನೋಡ್ತೀರಿ? ಅವನ ತಾಯಿ ಅವನ್ನ ನೋಡ್ಕೊಳ್ಲಿ. ನನಗಿರೋದು ಒಂದೇ ಮಗಳು."

ಅತ್ತೆ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದರು. "ಯಾರ ಮಗನ್ನೂ ಕೊಡೋದು ಬೇಡ. ನಾಳೆ ನಾನೇ ಹೋಗ್ತೀನಿ. ಕಟ್ಟಿದ್ದು ನಾನು ಅಂತೀನಿ."

"ಇನ್ನೊಂದು ಕಟ್ಟು ಅಂತಾರೆ, ಕಟ್ತೀಯಾ ಅಮ್ಮ? ಯಾರು ಕಲಿಸಿದ್ದು ಅಂತ ಅವರು ಕೇಳೋ ರೀತಿ ಬೇರೆ ಇರುತ್ತೆ."

ಸಾವಿರ ಹೆಂಗಸರನ್ನು ಅಳಿಸಿದ ಆ ಮುದುಕಿ ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ, ಅದೂ ಸದ್ದಿಲ್ಲದೆ.

ಆ ವಾರ ನಮಗೆ ಅನ್ನ ಇಳಿಯಲಿಲ್ಲ. ಇವರು ಉಣ್ಣೆಯ ಬನಿಯನ್ ಮೈಮೇಲಿಂದ ತೆಗೆಯಲಿಲ್ಲ. ಕರೆದುಕೊಂಡು ಹೋದರೆ ಅಲ್ಲಿ ಚಳಿ ಜಾಸ್ತಿ ಎಂದು ಎಲ್ಲೋ ಕೇಳಿದ್ದರಂತೆ. ಓಣಿಗೆ ಕಾರು ತಿರುಗಿದರೆ ಮೂವರೂ ಮಾತು ನಿಲ್ಲಿಸುತ್ತಿದ್ದೆವು. ಕಾರು ಮುಂದೆ ಹೋದರೆ ಅಲ್ಲಿಂದಲೇ ಮಾತು ಮುಂದುವರಿಸುತ್ತಿದ್ದೆವು. ಬುಶ್ರಾ ಮಾತ್ರ ಕಿಟಕಿ ತೆರೆದು ಇಣುಕುತ್ತಿದ್ದಳು, "ಮೀನಿನವನ ಕಾರಮ್ಮ" ಎನ್ನುತ್ತಿದ್ದಳು. ಅವಳನ್ನು ನೋಡಿದರೆ ಸಿಟ್ಟೂ ಬರುತ್ತಿತ್ತು, ಹೀಗೇ ಇರಲಿ ಎಂದೂ ಅನ್ನಿಸುತ್ತಿತ್ತು.

ಸಭೆಗೆ ನಾನೂ ಹೋದೆ. ಬರಬೇಡ ಅಂದರು, ಆದರೂ ಹೋದೆ. ಹಿಡಿದುಕೊಂಡು ಹೋದರೆ ಕಣ್ಣಾರೆ ನೋಡಿರಲಿ ಎಂದು. ಮುಂದಿನ ಸಾಲಿನಲ್ಲಿ ಡೀನ್, ಪಕ್ಕದಲ್ಲಿ ಸಣ್ಣ ಮೀಸೆಯ ಒಬ್ಬ, ಆ ಚಹಾ ಕಲಕಿ ಕೊಟ್ಟವನೇ ಇರಬೇಕು. ಹಿಂದೆ ಗೋಡೆಗೆ ಒರಗಿ ಸಿನಾನ್.

ಇವರ ಬಗ್ಗೆ ಒಂದು ಮಾತು ಹೇಳಬೇಕು. ಇಲ್ಲದ ಗ್ರಂಥವನ್ನು ಇದೆ ಎಂದು ಬರೆದನೆಂದು ಒಬ್ಬ ವಿದ್ಯಾರ್ಥಿಯ ಪದವಿಯನ್ನೇ ತಡೆದವರು ಇವರು. ಆ ಹುಡುಗನ ಅಪ್ಪ ಮಂತ್ರಿಯ ನೆಂಟ, ಆದರೂ ಬಗ್ಗಲಿಲ್ಲ. ಇಡೀ ಜೀವಮಾನದಲ್ಲಿ ಇವರು ಗಳಿಸಿದ್ದು ಅದೊಂದೇ: ಹಿಕ್ಮತ್ ಹೇಳಿದರೆ ಅದು ಇದೆ ಎಂಬ ನಂಬಿಕೆ.

ಆ ದಿನ ಇವರು ಎದ್ದು ನಿಂತು ಹೇಳಿದರು: ಈ ಹಾಡು ಯಾರದೂ ಅಲ್ಲ. ಇದು ದಕ್ಷಿಣದ ಜೌಗು ನಾಡಿನ ಹೆಂಗಸರ ನೂರಾರು ವರ್ಷದ ಹಳೆಯ ಅಳು. ತಾವು ಚಿಕ್ಕವರಿದ್ದಾಗ ಒಬ್ಬ ಮೌಲ್ವಿಯ ಹತ್ತಿರ ಹಸ್ತಪ್ರತಿ ನೋಡಿದ್ದರು, ಆಮೇಲೆ ನೆರೆಯಲ್ಲಿ ಕೊಚ್ಚಿಹೋಯಿತು. ಆ ಮೌಲ್ವಿಗೆ ಹೆಸರಿತ್ತು, ಊರಿತ್ತು. ಹಾಡಿನ ನಾಲ್ಕು ಪಾಠಾಂತರಗಳನ್ನೂ ಹೇಳಿದರು. ಎಲ್ಲ ಹಿಂದಿನ ರಾತ್ರಿ ಹುಟ್ಟಿಸಿದ್ದು.

ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತೇನೋ. ಆದರೆ ಮೀಸೆಯವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಇವರು ಹಾಡನ್ನು ಹರಿಯತೊಡಗಿದರು. ಲಯ ಕುಂಟುತ್ತದೆ ಅಂದರು. ಎದೆಹಾಲಿನ ಮಾತು ಅಡುಗೆಮನೆಯ ಮಾತು, ಕಾವ್ಯದ ಮಾತಲ್ಲ ಅಂದರು. "ಇಂಥದ್ದನ್ನು ನನ್ನ ವಿದ್ಯಾರ್ಥಿ ಬರೆದಿದ್ದರೆ ಅವನನ್ನು ತರಕಾರಿ ಮಾರಲು ಕಳಿಸುತ್ತಿದ್ದೆ" ಅಂದರು. ಸಭೆ ನಕ್ಕಿತು. ಡೀನ್ ನಕ್ಕರು. ಕೊನೆಗೆ ಮೀಸೆಯವನೂ ನಕ್ಕ.

ಹಿಂದೆ ಸಿನಾನ್ ಬಾಗಿಲು ದಡಾರನೆ ಹಾಕಿಕೊಂಡು ಹೊರಗೆ ಹೋದ. ತನ್ನ ಕುತ್ತಿಗೆ ಉಳಿದದ್ದು ಆ ಹುಡುಗನಿಗೆ ಇವತ್ತಿಗೂ ಗೊತ್ತಿಲ್ಲ.

ಬಸ್ಸಿನಲ್ಲಿ ಇವರು ಒಂದೇ ಮಾತು ಆಡಿದರು. "ಲಯ ಕುಂಟಲ್ಲ ನಜೀಹಾ. ಎಲ್ಲೂ ಕುಂಟಲ್ಲ."

"ಗೊತ್ತು ರೀ," ಅಂದೆ.

ಈದ್ ಹಬ್ಬದ ಹಿಂದಿನ ದಿನ ನಾವೆಲ್ಲ ಅಡುಗೆಮನೆಯಲ್ಲಿ ಖರ್ಜೂರ ತುಂಬಿದ ಕ್ಲೇಚಾ ತಿಂಡಿ ಮಾಡುತ್ತಿದ್ದೆವು. ಅತ್ತೆ ಹಿಟ್ಟು ನಾದುತ್ತಿದ್ದರು, ನಾನು ಲಟ್ಟಿಸುತ್ತಿದ್ದೆ. ಇವರು ಖರ್ಜೂರದ ಬೀಜ ತೆಗೆಯುತ್ತಿದ್ದರು, ಬುಶ್ರಾ ಅವರಿಗೆ ಬೆನ್ನು ಹಾಕಿ ಕುಳಿತು ಸುರುಳಿ ಸುತ್ತುತ್ತಿದ್ದಳು. ಮಾಳಿಗೆಯ ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಉಮ್ಮ್ ಕಾಮಿಲ್ ಬಂದು ಇವರ ಎದುರೇ ಕುಳಿತರು.

"ಹಬ್ಬಕ್ಕೆ ಬಂದಿಲ್ಲ ನಾನು. ಒಂದು ಮಾತು ಕೇಳೋಕೆ ಬಂದೆ. ಸಭೇಲಿ ಆ ಹಾಡು ಕಾವ್ಯ ಅಲ್ಲ ಅಂದೆಯಂತೆ."

"ಅಂದೆ ಅಮ್ಮ."

"ಜನ ನಕ್ಕರಂತೆ."

ಇವರು ಬೀಜ ತೆಗೆಯುತ್ತಲೇ ಇದ್ದರು.

"ನನಗೆ ಕಾವ್ಯ ಗೀವ್ಯ ಗೊತ್ತಿಲ್ಲ, ಹಿಕ್ಮತ್. ನನ್ನ ಮಗ ಸತ್ತಾಗ ನನಗೆ ಅಳೋಕೆ ಬಿಡಲಿಲ್ಲ. ಎದೆ ಕಲ್ಲು ಕಟ್ಟಿತ್ತು. ಆ ಹಾಡು ಕೇಳಿದ ದಿನ ದಿಂಬು ಕಚ್ಚಿಕೊಂಡು ಅತ್ತುಬಿಟ್ಟೆ. ಯಾವ ಪುಣ್ಯಾತ್ಗಿತ್ತಿ ಕಟ್ಟಿದಳೋ, ಸಿಕ್ಕಿದ್ರೆ ಅವಳ ಪಾದ ಹಿಡಿದು ಇಡೀ ಕಾಜಿಮಿಯಾಗೆ ಸಾರ್ತಿದ್ದೆ. ಕೇಳು, ನೀನೂ ಒಂದ್ಸಲ ಸರಿಯಾಗಿ ಕೇಳು."

ಆಕೆ ಹಾಡಿದರು. ಒಡಕು ಧ್ವನಿ, ಬೀದಿಗೆ ಕೇಳದಷ್ಟು ಸಣ್ಣಗೆ. 'ಕೂಸು' ಎಂದಿದ್ದಲ್ಲಿ 'ಕಾಮಿಲ್' ಎಂದು ಹಾಕಿಕೊಂಡಿದ್ದರು. ಅತ್ತೆ ಹಿಟ್ಟಿನಲ್ಲಿ ಕೈ ಹೂತು ಕುಳಿತುಬಿಟ್ಟರು. ನಾನು ಇವರ ಕಡೆ ನೋಡಿದೆ. ಇವರಿಗೇ ತಿಳಿಯದೆ ಇವರ ತುಟಿ ಆಡುತ್ತಿತ್ತು. ಆಕೆ ಹಾಡುವ ಒಂದು ಗಳಿಗೆ ಮೊದಲೇ ಆಡುತ್ತಿತ್ತು. ಎರಡನೆಯ ಸಾಲು ಮುಗಿದು ಮೂರನೆಯದಕ್ಕೆ ಆಕೆ ತಡವರಿಸಿ ನಿಂತರು, ಇವರ ತುಟಿ ನಿಲ್ಲಲಿಲ್ಲ.

ಬುಶ್ರಾ ಯಾವಾಗ ಈ ಕಡೆ ತಿರುಗಿದ್ದಳೋ. ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು.

"ಈಗ ಹೇಳು," ಅಂದರು ಉಮ್ಮ್ ಕಾಮಿಲ್. "ಇಷ್ಟು ಓದಿದೋನು ನೀನು. ಅವಳು ಯಾರೋ ಮಾಡಿದ್ದು ನಿನ್ನ ಕೈಲಿ ಯಾಕೆ ಆಗಲಿಲ್ಲ?"

ಇವರೇ ಕಟ್ಟಿದ್ದು ಎನ್ನಲು ನಾನು ಬಾಯಿ ತೆರೆದೆ. ಅತ್ತೆ ಹಿಟ್ಟಿನ ಕೈಯಿಂದಲೇ ನನ್ನ ಮಣಿಕಟ್ಟು ಹಿಡಿದು ಹಿಂಡಿದರು.

ಇವರು ತಲೆ ತಗ್ಗಿಸಿದರು. "ನನ್ನಿಂದ ಆಗಲಿಲ್ಲಮ್ಮ. ನಾನು ಹೇಡಿ."

ಆಕೆ ಇವರ ತಲೆಯ ಮೇಲೆ ಕೈಯಿಟ್ಟರು, ಇಟ್ಟದ್ದಕ್ಕೆ ತಮಗೇ ಸಿಟ್ಟು ಬಂದವರಂತೆ ತಕ್ಷಣ ತೆಗೆದರು. "ನಿನ್ನ ಮಗಳು ನಿನ್ನ ಹಾಗಾಗದಿರಲಿ," ಎಂದು ಎದ್ದು ಹೋದರು.

ಮಾಳಿಗೆಯ ಬಾಗಿಲು ಮುಚ್ಚಿದ ಸದ್ದಾಯಿತು. ಓಣಿಯಲ್ಲಿ ಯಾವುದೋ ಕಾರು ತಿರುಗಿತು. ಬುಶ್ರಾ ಎದ್ದಳು. ಇಣುಕಲಿಲ್ಲ, ಕಿಟಕಿ ಎಳೆದು ಚಿಲಕ ಹಾಕಿದಳು, ಕಾರು ಹೋಗುವವರೆಗೆ ಅಲ್ಲೇ ನಿಂತಳು. ಆಮೇಲೆ ಬಂದು ಅಪ್ಪನ ಪಕ್ಕದಲ್ಲಿ ಕುಳಿತು ಖರ್ಜೂರದ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು. ಬೀಜ ತೆಗೆಯತೊಡಗಿದಳು.

"ಬಾಬಾ," ಅಂದಳು, "ಯಾರು ಕೇಳಿದ್ರೂ ನಂಗೇನೂ ಗೊತ್ತಿಲ್ಲ."